ಓಪನ್ ಸೋರ್ಸ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾರ ಮಾತು ನಡೆಯಬೇಕು?

ಯಾರು ಬೇಕಾದರೂ ಒಳಗನ್ನು ನೋಡಿ ತಿದ್ದಬಹುದಾದ (ಓಪನ್ ಸೋರ್ಸ್) ಪೈಥಾನ್ ಭಾಷೆಯನ್ನು ಬಳಸುವವರು ಲೋಕವೆಲ್ಲ ಇರುವಾಗ ಬೆರಳೆಣಿಕೆಯ ಮಂದಿ ಅದರ ಭವಿಷ್ಯ ತೀರ್ಮಾನಿಸುವುದು ಸರಿಯೇ, ಎಲ್ಲರಿಗೂ ಮತ ಬೇಡವೇ ಎಂದು ಕೇಳಿದ್ದೀರಿ. ನಾನು ಉಡುಪಿಯಲ್ಲಿ ಹೊಟ್ಟೆಪಾಡಿಗೆ ಪೈಥಾನ್ ಬರೆಯುವವನು, ನನಗಂತೂ ಮತ ಬೇಡ. ನನ್ನ ತೊಂದರೆಯನ್ನು ಕೇಳಿಸಿಕೊಂಡು, ಆಗದು ಎಂದಾದರೆ ಕಾರಣ ಹೇಳುವವರಿದ್ದರೆ ಸಾಕು.

ಭಾಷೆಗೆ ಒಮ್ಮೆ ಸೇರಿದ್ದನ್ನು ತೆಗೆಯುವುದು ಬಹಳ ಕಷ್ಟ. ಮತಕ್ಕೆ ಕೈ ಎತ್ತಿದವರು ತಮ್ಮ ಕೆಲಸಕ್ಕೆ ಮರಳುತ್ತಾರೆ, ವರ್ಷಗಟ್ಟಲೆ ಅದರ ದೋಷ ತಿದ್ದುತ್ತಾ ಕೂರುವವರು ಬೇರೆಯೇ. ಹಾಗಾಗಿ ಕೊನೆಯ ಮಾತು ಅವರದೇ ಇರಲಿ. ಆದರೆ ಒಬ್ಬರ ತಲೆಯ ಮೇಲೆಯೇ ಎಲ್ಲವನ್ನೂ ಹೊರಿಸಿದರೆ ಏನಾಗುತ್ತದೆಂದು ಪೈಥಾನ್ ಕಂಡಿದೆ. ಅದನ್ನು ರೂಪಿಸಿದ ಗೈಡೋ ವಾನ್ ರೊಸಮ್, ‘ವಾಲ್ರಸ್’ (:=) ಎಂಬ, ಮೌಲ್ಯಕ್ಕೆ ಹೆಸರಿಡುವ ಚಿಹ್ನೆಯ ಕುರಿತ ಜಗಳದಲ್ಲಿ ತಾವು ಒಪ್ಪಿದ್ದನ್ನೇ ಜಾರಿಗೆ ತಂದರು. ಗೆದ್ದೂ ರೋಸಿಹೋಗಿ 2018ರ ಜುಲೈಯಲ್ಲಿ ಅಧಿಕಾರ ಬಿಟ್ಟರು. 2019ರಿಂದ, ಭಾಷೆಯನ್ನು ಕಟ್ಟಿ ತಿದ್ದುವ ಕೋರ್ ಡೆವಲಪರ್‌ಗಳು ಚುನಾಯಿಸುವ ಐವರ ಸಮಿತಿ ಇದೆ. ಒಂದೇ ಸಂಸ್ಥೆಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಸಂಬಳ ಕೊಡುವ ಕಂಪನಿಗಳಿಲ್ಲದೆ ಕೆಲಸ ಸಾಗದು, ಅವುಗಳ ಕೈಗೇ ಜುಟ್ಟು ಕೊಡುವಂತೆಯೂ ಇಲ್ಲ. ಈ ನಿಯಮ ಬರೆದವರಿಗೆ ಲೋಕವ್ಯವಹಾರ ಗೊತ್ತಿತ್ತು.

ಈಗ ನನ್ನ ತೊಂದರೆ ಏನೆಂದು ಹೇಳುತ್ತೇನೆ. ಪೈಥಾನ್ 3ರಲ್ಲಿ ಮೌಲ್ಯಗಳನ್ನು ಹಿಡಿದಿಡುವ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಬಿಡುವಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವಾಗ ಉಡುಪಿಯಿಂದ ಮಂಗಳೂರಿಗೆ ಟಿಕೆಟ್ ಲೆಕ್ಕ ಹಾಕುವ ಪ್ರೋಗ್ರಾಂ ಬರೆಸಿದೆ. ಒಬ್ಬ ಹುಡುಗಿ ‘ದೂರ’ ಎಂದು ಬರೆದಳು, ನಡೆಯಿತು. ‘ಬಸ್‌ದರ’ ಎಂದು ಬರೆದಳು, ಮುದ್ರಿಸಲಾಗದ ಅಕ್ಷರವಿದೆ ಎಂದು ಪೈಥಾನ್ ಮುಷ್ಕರ ಹೂಡಿತು. ‘ಸ್’ಗೆ ‘ದ’ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಸಂಕೇತವೊಂದು ಕೂತಿರುತ್ತದೆ. ಅದನ್ನು ಅಳಿಸಿದರೆ ‘ಬಸ್ದರ’ ಆಗುತ್ತದೆ, ಓದಿ ನೋಡಿ! ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ ಅದೇ ಸಂಕೇತವನ್ನು ಹೆಸರಿನೊಳಗೆ ಬಿಟ್ಟುಕೊಳ್ಳುತ್ತದೆ. ಪೈಥಾನ್‌ನ ಬಿಗಿಗೂ ಅರ್ಥವಿದೆ: ಕಾಣದ ಅಕ್ಷರವನ್ನು ಒಳಗೆ ಬಿಟ್ಟರೆ ನೋಡಲು ಒಂದೇ ರೀತಿಯ, ಒಳಗೆ ಬೇರೆಯಾದ ಎರಡು ಹೆಸರುಗಳನ್ನು ಹೆಣೆದು ಮೋಸ ಮಾಡಬಹುದು.

ಇದನ್ನು ಮತಕ್ಕೆ ಹಾಕಿದರೆ ನಾವು ಠೇವಣಿ ಕಳೆದುಕೊಳ್ಳುತ್ತೇವೆ. ಜಗತ್ತಿನ ಬಹುಪಾಲು ಪ್ರೋಗ್ರಾಮರ್‌ಗಳಿಗೆ ಆ ಸಂಕೇತ ಬೇಕಾಗಿಯೇ ಇಲ್ಲ. ಅದರ ಬದಲು ‘ಬಸ್‌ದರ’ದ ಎರಡು ಸಾಲು, ಬಂದ ದೋಷ ಸಂದೇಶ, ಕನ್ನಡಕ್ಕೆ ಅದು ಏಕೆ ಬೇಕು ಎಂಬ ವಿವರಣೆ ಇಷ್ಟನ್ನು ಸಮಿತಿಯ ಮುಂದಿಟ್ಟರೆ, ಕನ್ನಡ ಬಾರದವರೂ ತೂಗಿ ನೋಡಬಹುದು. ಬಳಕೆದಾರರ ಪ್ರಭಾವ ಎಂದರೆ ನನ್ನ ಲೆಕ್ಕದಲ್ಲಿ ಇದೇ.

ಇದು ಬರೀ ಆಸೆಯಲ್ಲ. ಗೋ ಭಾಷೆಯನ್ನು ನಡೆಸುವುದು ಗೂಗಲ್‌ನ ತಂಡ. ದೋಷ ನಿರ್ವಹಣೆಗೆಂದು ತಾನೇ ತಂದ ‘ಟ್ರೈ’ ಪ್ರಸ್ತಾವವನ್ನು ಆ ತಂಡ 2019ರಲ್ಲಿ ಬಳಕೆದಾರರ ಆಕ್ಷೇಪದ ನಂತರ ಕೈಬಿಟ್ಟಿತು. ಫಂಕ್ಷನ್‌ನಿಂದ (ಪ್ರೋಗ್ರಾಮಿನ ಒಂದು ಭಾಗದಿಂದ) ಹೊರಬೀಳುವ ದಾರಿ ಸಾಲಿನ ಹೊಟ್ಟೆಯೊಳಗೆ ಅಡಗಿಬಿಡುತ್ತದೆ ಎಂಬುದು ಮುಖ್ಯ ತಕರಾರುಗಳಲ್ಲೊಂದು. ಅಲ್ಲಿ ಮತದಾನವೇನೂ ನಡೆಯಲಿಲ್ಲ.

ನಿಮಗೆ ಪೈಥಾನ್‌ನಲ್ಲಿ ಬದಲಿಸಬೇಕಾದದ್ದು ಏನಾದರೂ ಇದ್ದರೆ, ಮೊದಲು ಅದು ಮುಗ್ಗರಿಸುವ ಅತಿ ಚಿಕ್ಕ ಪ್ರೋಗ್ರಾಂ ಬರೆಯಿರಿ. ಅದೇ ವಿಷಯವನ್ನು ಈ ಹಿಂದೆ ಯಾರಾದರೂ ಎತ್ತಿದ್ದಾರೆಯೇ, ಏಕೆ ತಿರಸ್ಕೃತವಾಯಿತು ಎಂಬುದನ್ನೂ ಹುಡುಕಿ ಓದಿ. ಹಳೆಯ ಪ್ರಸ್ತಾವಗಳೆಲ್ಲ ಬಹಿರಂಗವಾಗಿಯೇ ಇವೆ.