ಸಿಂಗಪುರ–ಪೆನಾಂಗ್–ಫುಕೆಟ್ ಕ್ರೂಸ್‌ಗೆ ಕಲಬುರಗಿಯಿಂದ ಹೊರಡುವವರು ಯಾವ ಹಣ, ಎಷ್ಟು ಒಯ್ಯಬೇಕು?

ಮೂರು ದೇಶ ಅಂತ ಮೂರೂ ಹಣ ಕಟ್ಟು ಕಟ್ಟಿ ಒಯ್ಯಬೇಡ್ರಿ. ಹಡಗಿನೊಳಗೆ ನೋಟು ನಡೆಯುವುದೇ ಕಡಿಮೆ. ಕೋಣೆಯ ಕಾರ್ಡ್ ತೋರಿಸಿದರೆ ಖರ್ಚು ಖಾತೆಗೆ ಬೀಳುತ್ತದೆ, ಕೊನೆಗೆ ಒಟ್ಟಿಗೆ ತೀರಿಸುತ್ತೀರಿ. ಆ ಖಾತೆ ಸಿಂಗಪುರ ಡಾಲರ್‌ನಲ್ಲೋ ಅಮೆರಿಕನ್ ಡಾಲರ್‌ನಲ್ಲೋ ಎಂದು ಮೊದಲು ಕೇಳಿ, ಫಾರೆಕ್ಸ್ ಕಾರ್ಡ್‌ನಿಂದ (ಮೊದಲೇ ವಿದೇಶಿ ಹಣ ತುಂಬಿಸಿಡುವ ಕಾರ್ಡ್) ತೀರಿಸುವುದಾದರೆ ಅದಕ್ಕೆ ಅದನ್ನೇ ತುಂಬಿಸಿ.

ಜನ ಎಡವುವುದು ಮುಂಗಡ ತಡೆಯಲ್ಲಿ. ಹಡಗಿನವರು ಅಂದಾಜು ಮೊತ್ತವನ್ನು ಕಾರ್ಡ್‌ನಲ್ಲಿ ತಡೆಹಿಡಿಯುತ್ತಾರೆ. ಬಿಲ್ ಕಡಿಮೆಯಾದರೂ ಉಳಿದದ್ದು ಬಿಡುಗಡೆಯಾಗಲು ಹಲವು ದಿನ ಬೇಕು, ಅಷ್ಟರಲ್ಲಿ ಫುಕೆಟ್‌ನಲ್ಲಿ ಕಾರ್ಡ್ ಖಾಲಿ ತೋರಿಸುತ್ತದೆ. ಹಡಗಿಗೆ ಕ್ರೆಡಿಟ್ ಕಾರ್ಡ್ ಕೊಟ್ಟು, ದಂಡೆಯ ಖರ್ಚಿಗೆ ಫಾರೆಕ್ಸ್ ಕಾರ್ಡ್ ಇಟ್ಟುಕೊಳ್ಳುವುದೇ ಕ್ಷೇಮ. ಕ್ರೆಡಿಟ್ ಕಾರ್ಡ್‌ನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮನೆಯಲ್ಲೇ ತೆರೆದಿಡಿ.

ಟ್ಯಾಕ್ಸಿ, ತಿಂಡಿಗೆ ಫುಕೆಟ್‌ನಲ್ಲಿ ಸ್ವಲ್ಪ ಬಾತ್ (ಥಾಯ್ಲೆಂಡ್ ಹಣ), ಪೆನಾಂಗ್‌ನಲ್ಲಿ ಸ್ವಲ್ಪ ರಿಂಗಿಟ್ (ಮಲೇಷ್ಯಾ ಹಣ) ಸಾಕು. ಇವು ಕಲಬುರಗಿಯಲ್ಲಿ ಕೇಳಿದ ತಕ್ಷಣ ಸಿಗುತ್ತವೆ ಎಂದು ನಂಬಿ ಕೂಡಬೇಡಿ, ವಾರ ಮೊದಲೇ ಹೇಳಿಡಿ. ಹೈದರಾಬಾದ್ ವಿಮಾನ ನಿಲ್ದಾಣದ ಕೌಂಟರ್‌ಗೆ ಬಿಟ್ಟರೆ ದರ ದುಬಾರಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಬೇಕು. 50,000 ರೂಪಾಯಿ ಮುಟ್ಟಿದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಕಟ್ಟಬೇಕು. ವಿದೇಶಿ ನೋಟುಗಳ ಮಿತಿ ಒಬ್ಬರಿಗೆ ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರ್‌ನಷ್ಟು.

ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಎಂದರೆ ಬೇಡವೆನ್ನಿ, ಸ್ಥಳೀಯ ಹಣವನ್ನೇ ಒತ್ತಿ. ಇಲ್ಲದಿದ್ದರೆ ಪರಿವರ್ತನೆಯ ದರ ಅವರು ಹಾಕಿದ್ದೇ. ಚಿಲ್ಲರೆ ನಾಣ್ಯಗಳನ್ನು ಅಲ್ಲೇ ಖರ್ಚು ಮಾಡಿಬಿಡಿ, ಇಲ್ಲಿ ಯಾರೂ ಬದಲಿಸಿಕೊಡುವುದಿಲ್ಲ.