ಬೊಲಿವರ್ ಕೌಂಟಿಗೆ ಸ್ವೆಟರ್ ಬೇಕಾ?

ಮಗ ಓದಲು ಅಮೆರಿಕದ ಮಿಸಿಸಿಪ್ಪಿಯ ಬೊಲಿವರ್ ಕೌಂಟಿಗೆ ಹೊರಟಿದ್ದಾನೆ, ಅಲ್ಲಿ ಮಂಗಳೂರಿನಂಥದ್ದೇ ಸೆಕೆಯಂತೆ, ಸ್ವೆಟರ್ ಬೇಕಾ ಎಂದು ಕೇಳಿದ್ದೀರಿ. ಬೇಕೇ ಬೇಕು ಸರ್.

ಜುಲೈ, ಆಗಸ್ಟ್ ಅಂದರೆ ಮಂಗಳೂರಿನ ಮೇ ತಿಂಗಳು ಅಂದುಕೊಳ್ಳಿ. ಮಧ್ಯಾಹ್ನ 33-34 ಡಿಗ್ರಿ, ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವದ ಗಾಳಿ, ರಾತ್ರಿಯೂ ಬೆವರು. ಸುತ್ತ ಭತ್ತದ ಗದ್ದೆ ಬೇರೆ, ಸೊಳ್ಳೆ ಕೇಳಬೇಕಾ! ಆದರೆ ಜನವರಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ತಡೆಯಲು ಬೆಟ್ಟಗಳಿಲ್ಲ, ಉತ್ತರದ ಚಳಿಗಾಳಿ ನೇರ ಬಂದು ಹೊಡೆಯುತ್ತದೆ. ಮಳೆಗಾಲ ಅಂತ ಬೇರೆ ಇಲ್ಲ, ವರ್ಷವಿಡೀ ಆಗಾಗ ಸುರಿಯುತ್ತದೆ.

ಸೆಕೆಗಿಂತ ನನಗೆ ಸುಂಟರಗಾಳಿಯ ಚಿಂತೆ. 2023ರ ಮಾರ್ಚ್ 24ರ ರಾತ್ರಿ ಬೊಲಿವರ್ ಇರುವ ಮಿಸಿಸಿಪ್ಪಿ ಡೆಲ್ಟಾ ಎಂಬ ಬಯಲು ಪ್ರದೇಶದಲ್ಲೇ ಇರುವ ರೋಲಿಂಗ್ ಫೋರ್ಕ್ ಊರಿನ ಬಹುಪಾಲು ನೆಲಸಮವಾಯಿತು. ಮೊಬೈಲಿನ ಎಚ್ಚರಿಕೆ ಸದ್ದು ಆಫ್ ಮಾಡಬೇಡ ಅಂತ ಹೇಳಿ ಕಳಿಸಿ.