ಮಗನನ್ನು ಬೇರೆ ಹೌಸಿಗೆ ಹಾಕಿಸಬೇಕೆ?

ಹಾಕಿಸಬೇಡಿ. ಫಾದರ್‌ಗಳು ನಡೆಸುವ ಗಂಡುಮಕ್ಕಳ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿದ ನಿಮ್ಮ ಮಗನಿಗೆ ಗೆಳೆಯರಿಲ್ಲದ ಹೌಸ್ (ಎಲ್ಲ ತರಗತಿಗಳ ಹುಡುಗರನ್ನು ಬೆರೆಸಿ ಶಾಲೆ ಮಾಡುವ ತಂಡ) ಸಿಕ್ಕಿದೆ, ಆ ಹೌಸ್ ಎಂದೂ ಶೀಲ್ಡ್ ಗೆದ್ದಿಲ್ಲ, ಸಾಲದ್ದಕ್ಕೆ ಹೌಸ್ ಮಾಸ್ಟರ್ ಆಗಾಗ ಹುಡುಗನನ್ನು ಕರೆದು ಮನೆಯ ವಿಷಯ ವಿಚಾರಿಸುತ್ತಾರೆ ಎಂದು ಬರೆದಿದ್ದೀರಿ. ರಾಯಚೂರಿನಲ್ಲಿ ನಮ್ಮಪ್ಪ ಇವೇ ಮೂರು ಕಾರಣಗಳನ್ನು ಮುಂದಿಟ್ಟು, ಹೆಡ್‌ಮಾಸ್ಟರ್ ಆಗಿದ್ದ ಫಾದರ್ ಅವರನ್ನು ಒಪ್ಪಿಸಿ, ಒಂಬತ್ತನೆಯ ತರಗತಿಯ ಆರಂಭದಲ್ಲಿ ನನ್ನ ಹೌಸ್ ಬದಲಾಯಿಸಿಕೊಂಡು ಬಂದರು. ಅದು ನಮ್ಮ ಮನೆಗೆ ಬಹಳ ದುಬಾರಿಯಾಯಿತು.

ಅಪ್ಪ ರಾಯಚೂರಿನ ಎಪಿಎಂಸಿ ಯಾರ್ಡಿನಲ್ಲಿ ಹತ್ತಿ ದಲಾಲರೊಬ್ಬರ ಅಂಗಡಿಯ ಗುಮಾಸ್ತರಾಗಿದ್ದರು. ನಾನು ಏಳನೆಯ ತರಗತಿಗೆ ಹಳ್ಳಿಯ ಶಾಲೆಯಿಂದ ಬಂದವನು. ಶಾಲೆಯಲ್ಲಿ ಸಂತರ ಹೆಸರಿನ ನಾಲ್ಕು ಹೌಸ್‌ಗಳಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣ. ಐದನೆಯ ತರಗತಿಯ ಪುಟ್ಟ ಹುಡುಗರಿಂದ ಹತ್ತನೆಯ ತರಗತಿಯವರವರೆಗೆ ಎಲ್ಲರೂ ಒಂದೊಂದು ಹೌಸಿನಲ್ಲಿ ಬೆರೆತಿರುತ್ತಿದ್ದರು. ನನ್ನ ಹೌಸ್ ಮಾಸ್ಟರ್ ಫಾದರ್ ಅಲ್ಲ, ಹಿಂದಿ ಕಲಿಸುತ್ತಿದ್ದ ಒಬ್ಬ ಸಂಸಾರಸ್ಥ ಶಿಕ್ಷಕರು. ಊಟದ ಬಿಡುವಿನಲ್ಲಿ ಅವರು ಸ್ಟಾಫ್ ರೂಮಿಗೆ ಹೋಗದೆ, ನೀರಿನ ನಲ್ಲಿಗಳ ಪಕ್ಕದ ಬೇವಿನ ಮರದ ಕಟ್ಟೆಯ ಮೇಲೆ, ಹುಡುಗರ ನಡುವೆಯೇ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಳ್ಳಲು ಅವ್ವ ಊರಿಗೆ ಹೋಗಿದ್ದ ಕಾಲದಲ್ಲಿ ನನ್ನ ಡಬ್ಬಿಯಲ್ಲಿ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ (ಚಟ್ನಿಪುಡಿಯ) ಹೊರತು ಬೇರೇನೂ ಇರುತ್ತಿರಲಿಲ್ಲ. ಉಳಿದವರಿಗೆ ಕಾಣಬಾರದೆಂದು ನಾನು ಮುಚ್ಚಳವನ್ನು ಪೂರ್ತಿ ತೆಗೆಯದೆ, ಅದರ ಮರೆಯಲ್ಲಿ ರೊಟ್ಟಿಯನ್ನು ಸದ್ದಾಗದಂತೆ ಮುರಿದು ತಿನ್ನುತ್ತಿದ್ದೆ. ಅವರು ಅದನ್ನು ಗಮನಿಸಿದರು, ಆದರೆ ಎಲ್ಲರೆದುರು ಏನೂ ಅನ್ನಲಿಲ್ಲ. ಶಾಲೆ ಬಿಟ್ಟ ಮೇಲೆ ವರಾಂಡದಲ್ಲಿ ನಿಲ್ಲಿಸಿಕೊಂಡು, "ಮನ್ಯಾಗ ಅವ್ವ ಇಲ್ಲೇನೋ?" ಎಂದು ಕೇಳಿದರು.

ಅದರ ನಂತರ ನಡೆದದ್ದು ಹೊರಗಿನವರಿಗೆ ಕಾಣುವಂಥದ್ದಲ್ಲ. ನಮ್ಮ ಓಣಿಯಲ್ಲೇ ಇದ್ದ, ನಮ್ಮ ಹೌಸಿನ ಹತ್ತನೆಯ ತರಗತಿಯ ಹುಡುಗನೊಬ್ಬ ಸಂಜೆ ನನ್ನ ಜೊತೆಗೇ ನಡೆದು ಬರಲಾರಂಭಿಸಿದ. ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಗಣಿತದ ಲೆಕ್ಕಗಳನ್ನು ನೋಡುತ್ತಿದ್ದ. ಹೋಂವರ್ಕ್ ತಪ್ಪಿದಾಗ ತರಗತಿಯ ಶಿಕ್ಷಕರು ಬೈಯುವುದು ನಿಂತಿತು. ಇದನ್ನೆಲ್ಲ ಏರ್ಪಡಿಸಿದವರು ಯಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಸರ್ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು, ಅದರಲ್ಲಿ ಹೌಸಿನ ಪ್ರತಿಯೊಬ್ಬ ಹುಡುಗನಿಗೂ ಒಂದು ಪುಟವಿತ್ತು ಎಂಬುದು ಮಾತ್ರ ಆಗಲೂ ಗೊತ್ತಿತ್ತು.

ಹೌಸ್ ಎಂದರೆ ಮಾರ್ಚ್ ಪಾಸ್ಟ್, ರಿಲೇ ಓಟ, ವರ್ಷದ ಕೊನೆಗೆ ಶೀಲ್ಡ್ ಎಂದು ನಮ್ಮ ಕಡೆ ತಿಳಿಯುವುದು ಸಹಜ, ಏಕೆಂದರೆ ಹೆತ್ತವರಿಗೆ ಕಾಣಿಸುವುದು ಅಷ್ಟೇ. ಈ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ. ಅಲ್ಲಿ ಹುಡುಗರು ನಿಜವಾಗಿಯೂ ಬೇರೆ ಬೇರೆ ಮನೆಗಳಲ್ಲಿ ವಾಸವಿದ್ದರು, ಆ ಮನೆಯ ಹೊಣೆ ಹೊತ್ತ ಶಿಕ್ಷಕರು ಅವರ ಊಟ, ಕಾಯಿಲೆ, ದುಃಖಗಳನ್ನೆಲ್ಲ ನೋಡಿಕೊಳ್ಳಬೇಕಿತ್ತು. ಮನೆಯಿಂದ ಬಂದು ಹೋಗುವ ಮಕ್ಕಳ ಶಾಲೆಗಳು ಅದನ್ನು ಆಮೇಲೆ ಅಳವಡಿಸಿಕೊಂಡವು. ಕ್ಯಾಥೊಲಿಕ್ ಶಾಲೆಗಳಿಗೆ ಸ್ಪರ್ಧೆಯೂ ಹೊಸದಲ್ಲ: ಹಿಂದಿನ ಯೇಸುಸಭೆಯ (ಜೆಸ್ಯೂಟ್ ಪಾದ್ರಿಗಳ) ಶಾಲೆಗಳಲ್ಲಿ ಒಂದೇ ತರಗತಿಯನ್ನು ರೋಮ್ ಮತ್ತು ಕಾರ್ಥೇಜ್ ಎಂಬ ಎರಡು ಪಾಳೆಯಗಳಾಗಿ ಒಡೆದು ಪಾಠದಲ್ಲಿ ಪೈಪೋಟಿಗೆ ಬಿಡುತ್ತಿದ್ದರು. ಆದರೆ ನನ್ನ ಹಿಂದಿ ಸರ್ ಮಾಡುತ್ತಿದ್ದ ಕೆಲಸದ ಮೂಲ ಬೇರೆ ಕಡೆ ಇದೆ. ಇಟಲಿಯ ಟ್ಯೂರಿನ್ ನಗರದ ಬೀದಿಗಳಲ್ಲಿ ಕೂಲಿ ಅರಸುತ್ತಿದ್ದ ಹುಡುಗರ ನಡುವೆ ಬದುಕು ಸವೆಸಿದ ಪಾದ್ರಿ ಜಾನ್ ಬೋಸ್ಕೊ ಅವರು 1877ರಲ್ಲಿ ಬರೆದ ಚಿಕ್ಕ ಪ್ರಬಂಧದಲ್ಲಿ, ತಪ್ಪಾದ ಮೇಲೆ ಶಿಕ್ಷಿಸುವ ಕ್ರಮಕ್ಕಿಂತ ತಪ್ಪಾಗುವ ಮೊದಲೇ ಹುಡುಗನ ಪಕ್ಕದಲ್ಲಿರುವ ಕ್ರಮವೇ ಮೇಲು ಎಂದು ವಾದಿಸಿದರು. ವಿವೇಕ, ಧರ್ಮ ಮತ್ತು ಅಕ್ಕರೆ ಅದರ ಮೂರು ಆಧಾರಗಳು. 1884ರ ಪತ್ರವೊಂದರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಡುಗರನ್ನು ಪ್ರೀತಿಸಿದರಷ್ಟೇ ಸಾಲದು, ತಾವು ಪ್ರೀತಿಗೆ ಪಾತ್ರರೆಂಬುದು ಆ ಹುಡುಗರಿಗೇ ತಿಳಿಯಬೇಕು ಎಂದರು. ಶಿಕ್ಷಕರು ಆಟದ ಮೈದಾನದಲ್ಲಿ ಹುಡುಗರ ಜೊತೆಗಿರಬೇಕೆಂದು ಅವರು ಮತ್ತೆ ಮತ್ತೆ ಒತ್ತಿ ಹೇಳಿದ್ದು ಇದಕ್ಕಾಗಿ. ಬೇವಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ ಕೂರುವುದು ಆ ಶಾಲೆಯಲ್ಲಿ ಕೆಲಸದ ಒಂದು ಭಾಗವೇ ಆಗಿತ್ತು.

ಅಪ್ಪನಿಗೆ ಇದು ಯಾವುದೂ ಕಾಣಲಿಲ್ಲ. ದೊಡ್ಡಪ್ಪನ ಮಗ ಇನ್ನೊಂದು ಹೌಸಿನಲ್ಲಿದ್ದ. ಆ ಹೌಸ್ ಕ್ರೀಡಾಕೂಟದಲ್ಲಿ ಮುಂದಿತ್ತು. ಮನೆಯ ಕಷ್ಟವನ್ನು ಮಾಸ್ತರರ ಮುಂದೆ ಮಗ ಹೇಳಿಕೊಂಡದ್ದು ಅಪ್ಪನಿಗೆ ಮಾನ ಹೋದಂತಾಗಿತ್ತು. ನನಗೂ ಅಣ್ಣನ ಜೊತೆಗಿರುವ ಆಸೆಯಿತ್ತು. ಫಾದರ್ ಮೊದಲು ಒಪ್ಪಲಿಲ್ಲ, ಮೂರು ಸಲ ಹೋಗಿ ಕೇಳಿಕೊಂಡ ಮೇಲೆ ಒಪ್ಪಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ತರಗತಿಯ ಶಿಕ್ಷಕರು ಪ್ರತಿ ಜೂನ್‌ನಲ್ಲಿ ಬದಲಾಗುತ್ತಾರೆ. ಏಳರಲ್ಲಿ ಒಬ್ಬರು, ಎಂಟರಲ್ಲಿ ಒಬ್ಬರು, ಒಂಬತ್ತರಲ್ಲಿ ಇನ್ನೊಬ್ಬರು; ಪ್ರತಿಯೊಬ್ಬರೂ ನಿಮ್ಮ ಮಗನನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ವಾರ್ಷಿಕ ಪರೀಕ್ಷೆ ಬಂದಿರುತ್ತದೆ. ಇಡೀ ಶಾಲೆಯಲ್ಲಿ ವರ್ಷದಿಂದ ವರ್ಷಕ್ಕೆ ಆ ಹುಡುಗನ ಜೊತೆ ಉಳಿಯುವ ಹಿರಿಯರು ಹೌಸ್ ಮಾಸ್ಟರ್ ಒಬ್ಬರೇ. ಹೋದ ವರ್ಷ ಈತ ಹೇಗಿದ್ದ, ಈ ವರ್ಷ ಹೇಗಿದ್ದಾನೆ ಎಂದು ಹೋಲಿಸಿ ನೋಡಬಲ್ಲವರು ಅವರು ಮಾತ್ರ. ನಾವು ಹೌಸ್ ಬದಲಾಯಿಸಿದಾಗ ಬಣ್ಣದ ಟೀ ಶರ್ಟ್ ಬದಲಾಯಿತು ಎಂದುಕೊಂಡೆವು. ಬದಲಾದದ್ದು ಆ ಹೋಲಿಕೆಯ ಆಧಾರ. ನನ್ನ ಪುಟವಿದ್ದ ನೋಟ್‌ಬುಕ್ ಹಳೆಯ ಹೌಸಿನಲ್ಲೇ ಉಳಿಯಿತು. ಹೊಸ ಹೌಸ್ ಮಾಸ್ಟರ್ ಕೆಟ್ಟವರಲ್ಲ, ಶ್ರಮಜೀವಿ, ಆಟದಲ್ಲಿ ಪ್ರೀತಿಯುಳ್ಳವರು. ಆದರೆ ಅವರ ಪಾಲಿಗೆ ನಾನು ಒಂಬತ್ತನೆಯ ತರಗತಿಯಲ್ಲಿ ಹುಟ್ಟಿದವನು. ಓಡುವುದರಲ್ಲೂ ಕಬಡ್ಡಿಯಲ್ಲೂ ಮುಂದಿಲ್ಲದ ನನ್ನ ಬಗ್ಗೆ ಅವರ ಬಳಿಯಿದ್ದ ದಾಖಲೆಯೆಂದರೆ ಪಾಯಿಂಟುಗಳ ರಿಜಿಸ್ಟರ್ ಒಂದೇ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ನಾವು ಬಿಟ್ಟುಬಂದವರು ನಮ್ಮ ವಿಷಯದಲ್ಲಿ ಮುಂದೆ ಕೈ ಹಾಕುವುದಿಲ್ಲ. ಹತ್ತನೆಯ ತರಗತಿಯ ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಯಾರ್ಡಿಗೆ ಹತ್ತಿ ಬಂದು ಬೀಳುವ ಕಾಲವೇ ಅದು. ಸಂಬಳ ನಿಲ್ಲಬಾರದೆಂದು ಸಂಜೆಯಿಂದ ರಾತ್ರಿಯವರೆಗೆ ನಾನು ಅಂಗಡಿಯಲ್ಲಿ ಕುಳಿತು ತೂಕದ ಚೀಟಿ ಬರೆಯುತ್ತಿದ್ದೆ. ಬೆಳಿಗ್ಗೆ ಅಸೆಂಬ್ಲಿಗೆ ತಡವಾಗುತ್ತಿತ್ತು. ತಡವಾಗಿ ಬಂದರೆ ಹೌಸಿನ ಪಾಯಿಂಟ್ ಕಡಿತ. ಕಡಿತವಾದರೆ ಕ್ಯಾಪ್ಟನ್ ಎಲ್ಲರ ಮುಂದೆ ಹೆಸರು ಹಿಡಿದು ಕೂಗುತ್ತಿದ್ದ. ಆ ಕೂಗು ತಪ್ಪಿಸಲು ನಾನು ತಡವಾದ ದಿನ ಶಾಲೆಗೇ ಹೋಗದಿರುವುದನ್ನು ಕಲಿತೆ. ಒಮ್ಮೆ ಹಿಂದಿ ಸರ್ ಎದುರಾಗಿ "ಹ್ಯಾಂಗದೀಯೋ?" ಎಂದರು, ನಾನು "ಚಲೋ ಅದೀನ್ರೀ ಸರ್" ಎಂದೆ. ನಾನು ಅವರ ಹೌಸಿನವನಾಗಿದ್ದರೆ ಅವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಇನ್ನೊಬ್ಬರ ಹೌಸಿನ ಹುಡುಗನನ್ನು, ಅದೂ ಅಪ್ಪ ಬೇಡವೆಂದು ಬಿಡಿಸಿಕೊಂಡು ಹೋದ ಹುಡುಗನನ್ನು, ಅವರು ಹೇಗೆ ತಾನೇ ಕೆದಕಿ ಕೇಳಬೇಕಿತ್ತು? ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಪೂರಕ ಪರೀಕ್ಷೆಯಲ್ಲಿ ಪಾಸಾಗುವ ವೇಳೆಗೆ ಪಿಯುಸಿ ವಿಜ್ಞಾನದ ಸೀಟು ಕೈತಪ್ಪಿತ್ತು. ಶಾಲೆಯ ಒಬ್ಬರಿಗೆ ನಮ್ಮ ಮನೆಯ ಸ್ಥಿತಿ ಗೊತ್ತಿದ್ದರೂ ಬೆಳಗಿನ ಹೊತ್ತಿನ ಒಂದು ಸಣ್ಣ ರಿಯಾಯಿತಿ ಸಿಗುತ್ತಿತ್ತು, ಲೆಕ್ಕ ಹೇಳಿಕೊಡುವ ಒಬ್ಬ ಹುಡುಗ ಸಿಗುತ್ತಿದ್ದ ಎಂದು ನಾನು ಇಂದಿಗೂ ನಂಬುತ್ತೇನೆ.

ಆದ್ದರಿಂದ ಯಾವ ಹೌಸ್ ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೌಸ್‌ಗಳಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ. ನಿಮ್ಮ ಮಗನನ್ನು ಬಲ್ಲ ಶಿಕ್ಷಕರು ಇರುವ ಹೌಸ್, ಇಲ್ಲದಿರುವ ಹೌಸ್ ಎಂದಷ್ಟೇ ಇದೆ. ಗೆಳೆಯರ ಚಿಂತೆ ಬೇಡ, ಅವರು ತರಗತಿಯಲ್ಲಿ ದಿನವಿಡೀ ಪಕ್ಕದಲ್ಲೇ ಇರುತ್ತಾರೆ. ಹೌಸ್ ಕೊಡುವುದು ತರಗತಿ ಕೊಡಲಾರದ್ದನ್ನು, ಅಂದರೆ ತನಗಿಂತ ಎರಡು ಮೂರು ವರ್ಷ ದೊಡ್ಡವರ ಸಂಗವನ್ನು. ಹದಿಮೂರರ ಹುಡುಗ ಅಪ್ಪ ಅವ್ವನಿಗೆ ಹೇಳದ ಮಾತನ್ನು ಹದಿನಾರರ ಹುಡುಗನಿಗೆ ಹೇಳುತ್ತಾನೆ. ಶೀಲ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ: ಹುಡುಗನ ಕಷ್ಟ ಕೇಳಬೇಕಾದವರ ಕೈಯಲ್ಲೇ ಪಾಯಿಂಟ್ ಕಡಿಯುವ ಪೆನ್ನು ಇರಬಾರದು. ಹೇಳಿಕೊಂಡರೆ ಹೌಸಿಗೆ ನಷ್ಟವಾದೀತು ಎಂಬ ಭಯವಿರುವ ಕಡೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಎಂದೂ ಗೆಲ್ಲದ ನಿಮ್ಮ ಮಗನ ಹೌಸಿನಲ್ಲಿ ಮಾಸ್ಟರ್ ಹುಡುಗರನ್ನು ಕರೆದು ಮಾತಾಡಿಸುತ್ತಾರೆ ಎಂದರೆ ಅವರು ತಮ್ಮ ಸಮಯವನ್ನು ಸರಿಯಾದ ಕಡೆ ಕಳೆಯುತ್ತಿದ್ದಾರೆ.

ಸಂತರ ಹೆಸರಿನ ಹೌಸಿನಲ್ಲಿ ಮಗ ಬೇರೆ ಧರ್ಮದ ಕಡೆ ವಾಲುತ್ತಾನೇನೋ ಎಂಬ ಸಣ್ಣ ಆತಂಕವನ್ನೂ ಸೂಚಿಸಿದ್ದೀರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪರ ಆಡಳಿತದ ವ್ಯಾಪ್ತಿಗೆ) ಸೇರಿದರೂ ಇಲ್ಲಿ ಕ್ಯಾಥೊಲಿಕರು ಬಹಳ ಕಡಿಮೆ. ನನ್ನ ಹೌಸಿನಲ್ಲಿ ಹೆಚ್ಚಿನವರು ಹಿಂದೂ ಮತ್ತು ಮುಸ್ಲಿಂ ಹುಡುಗರೇ ಆಗಿದ್ದರು. ಕ್ರೈಸ್ತ ಹುಡುಗರು ಧರ್ಮೋಪದೇಶದ ತರಗತಿಗೆ ಹೋದಾಗ ನಮಗೆ ಮಾರಲ್ ಸೈನ್ಸ್ ಇರುತ್ತಿತ್ತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೆಯ ವಿಧಿಯೇ ಹೇಳುತ್ತದೆ.

ಮಾತಾಡಿಸುವುದು ಎಲ್ಲಿ, ಹೇಗೆ ಎಂಬುದನ್ನು ಮಾತ್ರ ಖಂಡಿತ ನೋಡಿ. ವರಾಂಡ, ಮೈದಾನ, ಬಾಗಿಲು ತೆರೆದ ಕೋಣೆ ಸರಿ. ಮುಚ್ಚಿದ ಬಾಗಿಲು, ಶಿಕ್ಷಕರ ಮನೆ, "ಮನೆಯಲ್ಲಿ ಹೇಳಬೇಡ" ಎಂಬ ಮಾತು ಸರಿಯಲ್ಲ. ದೊಡ್ಡ ಹುಡುಗರು ಪೀಡಿಸುತ್ತಿದ್ದರೆ ಅಥವಾ ಹೌಸ್ ಮಾಸ್ಟರ್ ಮೇಲೆಯೇ ಸಂಶಯ ಬಂದರೆ, ಸದ್ದಿಲ್ಲದೆ ಹೌಸ್ ಬದಲಾಯಿಸಿಕೊಂಡು ಸುಮ್ಮನಾಗಬೇಡಿ. ಹಾಗೆ ಮಾಡಿದರೆ ನಿಮ್ಮ ಮಗನ ಜಾಗಕ್ಕೆ ಇನ್ನೊಬ್ಬರ ಮಗ ಬರುತ್ತಾನೆ. ಪೀಡನೆಯ ದೂರನ್ನು ಹೆಡ್‌ಮಾಸ್ಟರ್‌ಗೆ ಬರಹದಲ್ಲಿ ಕೊಡಿ. ಲೈಂಗಿಕ ಕಿರುಕುಳದ ಅನುಮಾನವಿದ್ದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ತಿಳಿದ ಪ್ರತಿಯೊಬ್ಬರ ಕರ್ತವ್ಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ನಿಮ್ಮ ಬರಹದಲ್ಲಿ ಅಂಥ ಯಾವ ಸೂಚನೆಯೂ ನನಗೆ ಕಾಣಲಿಲ್ಲ.

ಈ ಶನಿವಾರ ಶಾಲೆಗೆ ಹೋಗಿ, ಹೆಡ್‌ಮಾಸ್ಟರ್ ಬಳಿ ಅಲ್ಲ, ಹೌಸ್ ಮಾಸ್ಟರ್ ಬಳಿಯೇ ಕುಳಿತು ಮಾತಾಡಿ. ಮಗ ಎಷ್ಟು ಹೊತ್ತಿಗೆ ಮಲಗುತ್ತಾನೆ, ಯಾವ ವಿಷಯಕ್ಕೆ ಹೆದರುತ್ತಾನೆ, ಮನೆಯಲ್ಲಿ ಯಾರಿಗೆ ಕಾಯಿಲೆಯಿದೆ, ಸಾಲದ ಒತ್ತಡವಿದ್ದರೆ ಅದೂ ಸೇರಿದಂತೆ, ಸಂಕೋಚಪಡದೆ ಹೇಳಿ. ಅವರು ಎಷ್ಟು ವರ್ಷಗಳಿಂದ ಆ ಹೌಸ್ ನೋಡಿಕೊಳ್ಳುತ್ತಿದ್ದಾರೆ, ತಾವು ವರ್ಗವಾದರೆ ಅಥವಾ ನಿವೃತ್ತರಾದರೆ ಹುಡುಗರ ವಿವರವನ್ನು ಯಾರಿಗೆ ಒಪ್ಪಿಸುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ನೀವು ಸುಗ್ಗಿಯ ನಂತರ ಬೆಂಗಳೂರಿಗೆ ಗುಳೆ ಹೋಗುವುದುಂಟು ಎಂದು ಬರೆದಿದ್ದೀರಲ್ಲ, ಆ ತಿಂಗಳುಗಳಲ್ಲಿ ಮಗ ಯಾರ ಮನೆಯಲ್ಲಿರುತ್ತಾನೆ ಎಂಬುದನ್ನೂ ಆ ಮನೆಯವರ ಫೋನ್ ನಂಬರನ್ನೂ ಹೊರಡುವ ಮೊದಲೇ ಹೌಸ್ ಮಾಸ್ಟರ್ ಅವರ ನೋಟ್‌ಬುಕ್ಕಿನಲ್ಲಿ ಬರೆಸಿ ಬನ್ನಿ.